ಯಾರ ಮನಸ್ಸು ಖಾಲಿ ಆಗ್ಬೇಕು? ದಾವ್ ಚಿಂತನೆಯಲ್ಲಿ ಒಳಸಾಧನೆ ಮತ್ತು ಆಳ್ವಿಕೆ

(ನಮ್ಮ ಓದುಗರ ಬಳಗದಲ್ಲಿ ಮಾತಾಡಿದ್ದರ ಬರಹ ರೂಪ. ಬಾಯಲ್ಲಿ ಬಂದ ಹಾಗೇ ಹೆಚ್ಚುಕಮ್ಮಿ ಇಟ್ಟಿದೀನಿ, ಕೊನೇಲಿ ಕೇಳಿದ ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳನ್ನೂ ಆಯಾ ಜಾಗದಲ್ಲೇ ಸೇರ್ಸಿದೀನಿ.)

ಎಲ್ಲರಿಗೂ ನಮಸ್ಕಾರ.

ದಾವ್ ಅಂದ್ರೆ ದಾರಿ, ಎಲ್ಲದರ ಹಿಂದಿರೋ ಸಹಜ ದಾರಿಗೆ ಹಳೇ ಚೀನಾದೋರು ಇಟ್ಟ ಹೆಸರು. ಆ ಚಿಂತನೆಯ ಮೂಲಪುರುಷ ಅಂತ ಹೇಳೋ ಲಾವೋತ್ಸು ಅಂದ ತಕ್ಷಣ ಬಹಳ ಜನಕ್ಕೆ ಕಣ್ಮುಂದೆ ಬರೋದು ಎಮ್ಮೆ ಮೇಲೆ ಕೂತು ಊರು ಬಿಟ್ಟು ಹೋಗ್ತಿರೋ ಒಬ್ಬ ಮುದುಕ. ರಾಜ್ಯ ಗೀಜ್ಯ ಎಲ್ಲ ಬೇಡಪ್ಪ, ಬೆಟ್ಟ, ಮಂಜು, ಮೌನ ಇಷ್ಟು ಸಾಕು ಅನ್ನೋ ತರದ ಚಿತ್ರ. ಆದ್ರೆ ಅವನ ಹೆಸರಲ್ಲಿರೋ ಪುಸ್ತಕ ದಾವ್ ದ ಜಿಂಗ್‌ನ (ಈ ಪುಸ್ತಕಾನೂ ಲಾವೋತ್ಸು ಅಂತಲೇ ಕರೀತಾರೆ) 81 ಅಧ್ಯಾಯಾನೂ ಒಂದ್ಸಲ ಕೂತು ಓದಿ ನೋಡಿ, ಅದರಲ್ಲಿ ತೆರಿಗೆ ಇದೆ, ಸೈನ್ಯ ಇದೆ, ಮರಣದಂಡನೆ ಇದೆ, ದೊಡ್ಡ ರಾಜ್ಯ ಸಣ್ಣ ರಾಜ್ಯದ ಜೊತೆ ಹೇಗಿರ್ಬೇಕು ಅನ್ನೋದಿದೆ. 75ನೇ ಅಧ್ಯಾಯದಲ್ಲಿ ನೇರವಾಗೇ ಹೇಳತ್ತೆ, ಜನ ಹಸ್ಕೊಂಡಿದಾರೆ ಯಾಕಂದ್ರೆ ಮೇಲೆ ಕೂತೋರು ತೆರಿಗೆ ವಿಪರೀತ ತಿಂತಾರೆ ಅಂತ. 53ನೇದು ಇನ್ನೂ ಖಾರ. ಅರಮನೆ ಥಳಥಳ ಅಂತಿದೆ, ಹೊಲದ ತುಂಬ ಕಳೆ, ಕಣಜ ಬರಿದು, ಅಷ್ಟಾದ್ರೂ ಮೈಮೇಲೆ ಕಸೂತಿ ಬಟ್ಟೆ, ಸೊಂಟದಲ್ಲಿ ಹರಿತವಾದ ಕತ್ತಿ, ತಿಂದು ತಿಂದು ಬೇಜಾರಾಗೋಷ್ಟು ಊಟ, ಇದನ್ನ ದರೋಡೆ ಅಂತಾರೆ ಅಂತ ಬರ್ದಿದೆ. ಊರು ಬಿಟ್ಟು ಹೋಗೋನು ಬರೆಯೋ ಮಾತಲ್ಲ ಇದು. ಅರಮನೆ ಕಡೆ ಮುಖ ಮಾಡಿ, ಅಲ್ಲಿ ಕೂತಿರೋನಿಗೆ ಕೇಳಿಸ್ಲಿ ಅಂತ ಬರ್ದಿರೋದು.

ಅದೇ ಪುಸ್ತಕದ 10ನೇ ಅಧ್ಯಾಯ ತೆಗೀರಿ. ಉಸಿರನ್ನ ಒಂದೇ ಕಡೆ ನಿಲ್ಸಿ ಎಳೆಮಗು ತರ ಮೆತ್ತಗಾಗ್ತೀಯಾ, ಒಳಗಿನ ಕನ್ನಡಿ ಒರೆಸಿ ಒಂದು ಕಲೆ ಇಲ್ದಂಗೆ ಮಾಡ್ತೀಯಾ ಅಂತ ಕೇಳಿ, ಅದೇ ಉಸಿರಲ್ಲಿ ಜನರನ್ನ ಪ್ರೀತಿಸ್ತಾ ರಾಜ್ಯ ಆಳ್ತೀಯಾ, ಅದನ್ನ ಕೈ ಹಾಕದೇ ಮಾಡ್ತೀಯಾ ಅಂತ ಕೇಳತ್ತೆ. ಉಸಿರಾಟದಿಂದ ಆಡಳಿತಕ್ಕೆ ಒಂದು ಸಾಲಿನ ಅಂತರ, ಮಧ್ಯ ಒಂದು 'ಆಮೇಲೆ' ಕೂಡ ಇಲ್ಲ. ನಾವು ಇವತ್ತು ಇವನ್ನ ಎರಡು ಬೇರೆ ಬೇರೆ ಅಂಗಡಿಯಲ್ಲಿಟ್ಟಿದೀವಿ, ಧ್ಯಾನ ಒಂದ್ಕಡೆ, ರಾಜಕೀಯ ಇನ್ನೊಂದ್ಕಡೆ. ಆ ಕಾಲದೋರು ಹಾಗೆ ಇಟ್ಟಿರ್ಲಿಲ್ಲ. ಇದೇ ಪರಂಪರೆಯ ಇನ್ನೊಂದು ಹಳೇ ಗ್ರಂಥ ಜುವಾಂಗ್‌ಜಿಯ ಕೊನೇ ಅಧ್ಯಾಯದಲ್ಲಿ ಇದಕ್ಕೊಂದು ಹೆಸರೂ ಇದೆ, ಒಳಗೆ ಸಂತ, ಹೊರಗೆ ರಾಜ ಅಂತ. ನಾನು ಇವತ್ತು ಹೇಳಕ್ಕೆ ಬಂದಿರೋದು ಆ ಜೋಡಿ ಬಗ್ಗೆ, ಮತ್ತೆ ಅದರೊಳಗಿರೋ ಒಂದು ಅಪಾಯದ ಬಗ್ಗೆ. ಒಳಗನ್ನ ಖಾಲಿ ಮಾಡ್ಕೋ ಅಂತ ಈ ಪರಂಪರೆ ಮತ್ತೆ ಮತ್ತೆ ಹೇಳತ್ತೆ ಅಲ್ವಾ, ಅಲ್ಲಿ ಕೇಳ್ಬೇಕಾಗಿರೋ ಪ್ರಶ್ನೆ ಖಾಲಿ ಆಗ್ಬೇಕಾಗಿರೋದು ಯಾರು ಅನ್ನೋದು. ಆಳೋನಾ, ಆಳಿಸ್ಕೊಳ್ಳೋರಾ? ಈ ಪ್ರಶ್ನೆಗೆ ಕೊಡೋ ಉತ್ತರದ ಮೇಲೆ ಒಂದೇ ತತ್ವ ಎರಡು ವಿರುದ್ಧ ದಿಕ್ಕಿಗೆ ಹೋಗಿದೆ, ಅದೂ ನೂರಿನ್ನೂರು ವರ್ಷದೊಳಗೆ.

ಕಾಲ ಯಾವುದು ಅಂತ ಸ್ವಲ್ಪ ಹೇಳ್ಬಿಡ್ತೀನಿ. ಕ್ರಿ.ಪೂ. ನಾಲ್ಕು, ಮೂರನೇ ಶತಮಾನ, ಚೀನಾದಲ್ಲಿ ಏಳು ದೊಡ್ಡ ರಾಜ್ಯಗಳು ಒಂದನ್ನೊಂದು ತಿನ್ನಕ್ಕೆ ಕಾಯ್ತಿದ್ದ ಕಾಲ. ಒಬ್ಬ ರಾಜನ ಸಿಟ್ಟು ಅಂದ್ರೆ ಸಾವಿರಾರು ಮನೆಗಳಲ್ಲಿ ಸಾವು. ಹಾಗಾಗಿ ರಾಜನ ತಲೆಯೊಳಗೆ ಏನು ನಡೀತಿದೆ ಅನ್ನೋದು ಆಗ ಖಾಸಗಿ ವಿಷಯ ಆಗಿರ್ಲಿಲ್ಲ. ಅವನ ಆಸೆ, ಭಯ, ಹಠ ಎಲ್ಲ ಊರಿನ ಸಮಸ್ಯೆ. ಈಗಿನ ಶಾಂದೋಂಗ್ ಪ್ರಾಂತ್ಯದಲ್ಲಿ ಆಗ ಚೀ ಅನ್ನೋ ಶ್ರೀಮಂತ ರಾಜ್ಯ ಇತ್ತು, ಅದರ ರಾಜಧಾನಿ ಲಿನ್‌ಜಿ. ಅಲ್ಲಿ ಜಿಶಿಯಾ ಅನ್ನೋ ಕಡೆ ರಾಜರು ವಿದ್ವಾಂಸರನ್ನ ಸಾಕ್ತಿದ್ರು. ಶುವಾನ್ ರಾಜನ ಕಾಲದಲ್ಲಿ (ಕ್ರಿ.ಪೂ. 319ರಿಂದ 301) 76 ಜನಕ್ಕೆ ದೊಡ್ಡ ಮನೆ, ಪದವಿ ಕೊಟ್ಟು, ಆಡಳಿತದ ಕೆಲಸ ಏನೂ ಬೇಡ, ಕೂತು ಚರ್ಚೆ ಮಾಡಿ ಅಂತ ಬಿಟ್ಟಿದ್ದ ಅಂತ ಇತಿಹಾಸಕಾರ ಸೀಮಾ ಚಿಯೆನ್ ಬರೀತಾನೆ.

ಈ ಚೀ ರಾಜ್ಯದ ಜೊತೆ ಹೆಸರು ಸೇರ್ಕೊಂಡಿರೋ ಒಂದು ದೊಡ್ಡ ಸಂಕಲನ ಗುವಾನ್‌ಜಿ. ಅದರೊಳಗೆ 49ನೇ ಅಧ್ಯಾಯ 'ನೇಯೆ', ಅಂದ್ರೆ ಒಳಗಿನ ಕೆಲಸ. ನನಗೆ ಈ ಇಡೀ ಪರಂಪರೆಯಲ್ಲಿ ಅತಿ ಪ್ರೀತಿಯ ಬರಹ ಇದು. ಬಹಳ ವಿದ್ವಾಂಸರು ಇದನ್ನ ಕ್ರಿ.ಪೂ. ನಾಲ್ಕನೇ ಶತಮಾನದ್ದು ಅಂತಾರೆ, ಚೀನಾದಲ್ಲಿ ಒಳಸಾಧನೆ ಬಗ್ಗೆ ಸಿಕ್ಕಿರೋ ಅತಿ ಹಳೇ ಬರಹಗಳಲ್ಲಿ ಒಂದು. ಚಿಕ್ಕ ಚಿಕ್ಕ ಸಾಲು, ಪ್ರಾಸ ಇದೆ, ಬಾಯಿಪಾಠ ಮಾಡಕ್ಕೇ ಕಟ್ಟಿರೋ ತರ ಇದೆ. ಏನು ಹೇಳತ್ತೆ ಅಂದ್ರೆ, ಜೀವದ ಸತ್ವ ಅನ್ನೋದೊಂದಿದೆ, ಅದು ಭೂಮಿಯಲ್ಲಿ ಐದು ಧಾನ್ಯ ಆಗತ್ತೆ, ಆಕಾಶದಲ್ಲಿ ನಕ್ಷತ್ರ ಆಗತ್ತೆ, ಮನುಷ್ಯನ ಎದೆಯಲ್ಲಿ ನೆಲೆ ನಿಂತ್ರೆ ಅವನನ್ನ ಸಂತ ಅಂತಾರೆ. ಅದನ್ನ ಬಲವಂತದಿಂದ ಹಿಡಿಯಕ್ಕಾಗಲ್ಲ. ಅದು ಇಳ್ಕೊಳ್ಳೋ ಮನೇನ ಭಕ್ತಿಯಿಂದ ಗುಡಿಸಿಡು, ಅದು ತಾನಾಗೇ ಬರತ್ತೆ. ಇಷ್ಟೇ ಸಾಧನೆ. ಮೈ ನೆಟ್ಟಗಿಟ್ಕೊಂಡು ಕೂರು, ದುಃಖ, ಸಂತೋಷ, ಸಿಟ್ಟು, ಆಸೆ, ಲಾಭದ ಲೆಕ್ಕ, ಇವು ಬಂದು ಸತ್ವ ಸೋರಿಹೋಗತ್ತೆ, ಇವನ್ನ ಬಿಟ್ರೆ ಮನಸ್ಸು ತನ್ನ ಸಹಜಕ್ಕೆ ವಾಪಸ್ ಬರತ್ತೆ. ಊಟದ ಬಗ್ಗೇನೂ ಹೇಳತ್ತೆ, ಹೊಟ್ಟೆ ಬಿರಿಯೋಷ್ಟು ತಿಂದ್ರೆ ಮೈ ಕೆಡತ್ತೆ, ತೀರಾ ಉಪವಾಸ ಬಿದ್ರೆ ಎಲುಬು ಒಣಗಿ ರಕ್ತ ಹೆಪ್ಪುಗಟ್ಟತ್ತೆ, ನಡುವೆ ನಿಲ್ಲು. ಒಬ್ಬ ಮನೆ ವೈದ್ಯ ಪಕ್ಕದಲ್ಲಿ ಕೂತು ಹೇಳ್ದಂಗಿದೆ.

ಇಷ್ಟೂ ಓದಿದ್ರೆ ಇದು ಯಾರೋ ಒಬ್ಬ ಸಾಧಕನಿಗೆ ಅಂತ ಅನ್ಸತ್ತೆ. ಆದ್ರೆ ಮಧ್ಯದಲ್ಲಿ ಬರತ್ತೆ ನೋಡಿ, ಒಳಗೆ ಮನಸ್ಸು ಸರಿಯಾಗಿದ್ರೆ ಬಾಯಿಂದ ಸರಿಯಾದ ಮಾತು ಬರತ್ತೆ, ಜನರ ಮೇಲೆ ಸರಿಯಾದ ಕೆಲಸ ಬೀಳತ್ತೆ, ಆಗ ಲೋಕ ಸರಿಯಾಗತ್ತೆ ಅಂತ. ಮನಸ್ಸು, ಬಾಯಿ, ಕೆಲಸ, ಲೋಕ. ಈ ಸರಪಳಿಯಲ್ಲಿ ನನಗೆ ಮುಖ್ಯ ಅನ್ಸೋದು 'ಜನರ ಮೇಲೆ ಕೆಲಸ ಬೀಳತ್ತೆ' ಅನ್ನೋ ತುಂಡು. ರಾಜ ಬೆಳಿಗ್ಗೆ ಎದ್ದು ಒಂದು ಮಾತು ಆಡಿದ್ರೆ ಅದು ಸಂಜೆಗೆ ಯಾರದೋ ಬೆನ್ನ ಮೇಲಿನ ಕಲ್ಲು. ಗೋಡೆ ಕಟ್ಟು, ಕಾಲುವೆ ತೋಡು, ಗಡಿಗೆ ನಡಿ. ಹಾಗಾಗಿ ಮಾತು ಹೊರಡೋ ಜಾಗಾನೇ ಗುಡಿಸ್ಬೇಕು ಅಂತಿದಾರೆ.

ಅದೇ ಸಂಕಲನದಲ್ಲಿ 'ಮನಸ್ಸಿನ ವಿದ್ಯೆ' ಅಂತ ಎರಡು ಅಧ್ಯಾಯ ಇದೆ, 36 ಮತ್ತೆ 37. ಅದರ ಶುರುವಿನಲ್ಲೇ, ದೇಹದೊಳಗೆ ಮನಸ್ಸಿರೋದು ರಾಜನ ಪೀಠದಲ್ಲಿ, ಒಂಬತ್ತು ದ್ವಾರಗಳು ಮಾಡೋದು ಅಧಿಕಾರಿಗಳ ಕೆಲಸ ಅನ್ನತ್ತೆ. ನವದ್ವಾರದ ಮಾತು ಕೇಳಿ ಬೆಳೆದಿರೋ ನಮಗೆ ಇದು ಚಕ್ಕಂತ ಹತ್ರ ಆಗತ್ತೆ, ಆದ್ರೆ ಇವರು ಹೊರಟಿರೋ ದಾರಿ ಬೇರೆ. ನಮ್ಮಲ್ಲಿ ಬಹಳ ಸಲ ಬಾಗಿಲು ಮುಚ್ಚೋದು ಅನ್ನೋ ಕಡೆ ಮಾತು ಹೋಗತ್ತೆ, ಇಲ್ಲಿ ಕಣ್ಣಿಗೆ ಕಣ್ಣಿನ ಕೆಲಸ ಬಿಡು, ಕಿವಿಗೆ ಕಿವಿ ಕೆಲಸ ಬಿಡು, ಮನಸ್ಸು ಮಧ್ಯ ತಲೆ ಹಾಕ್ಬಾರ್ದು ಅಂತಾರೆ. ಮನಸ್ಸಲ್ಲಿ ಆಸೆ ತುಂಬ್ಕೊಂಡ್ರೆ ಕಣ್ಣೆದುರಿಗಿರೋ ಬಣ್ಣ ಕಾಣಲ್ಲ, ಕಿವಿ ಪಕ್ಕದ ಸದ್ದು ಕೇಳ್ಸಲ್ಲ. ಮೇಲಿನವನು ದಾರಿ ಬಿಟ್ರೆ ಕೆಳಗಿನೋರ ಕೆಲಸ ಕೆಡತ್ತೆ. ಆಮೇಲೆ ಬರೋ ಸಾಲು ನನಗೆ ಬಾಯಿಪಾಠ ಆಗ್ಬಿಟ್ಟಿದೆ: ಕುದುರೆ ಬದಲು ನೀನು ಓಡ್ಬೇಡ, ಅದರ ಶಕ್ತಿ ಪೂರ್ತಿ ಬಳಸಕ್ಕೆ ಬಿಡು, ಹಕ್ಕಿ ಬದಲು ನೀನು ಹಾರ್ಬೇಡ, ಅದರ ರೆಕ್ಕೆ ಪೂರ್ತಿ ಬಿಚ್ಚಕ್ಕೆ ಬಿಡು. ಏನೂ ಮಾಡದೇ ಆಳೋದು ಅಂದ್ರೆ ಸೋಮಾರಿತನ ಅಂದ್ಕೊಳ್ಳೋರಿಗೆ ಇದಕ್ಕಿಂತ ಒಳ್ಳೇ ಉತ್ತರ ಇಲ್ಲ. ಕೆಲಸ ಆಗ್ತಾನೇ ಇರತ್ತೆ, ಕುದುರೆ ಓಡ್ತಾನೇ ಇರತ್ತೆ, ರಾಜ ಮಾತ್ರ ಅದರ ಕಾಲಿಗೆ ಅಡ್ಡ ಬರಲ್ಲ. ಇದು ಹೇಳಕ್ಕೆ ಸುಲಭ, ಮಾಡಕ್ಕೆ ವಿಪರೀತ ಕಷ್ಟ, ಅಧಿಕಾರ ಕೈಯಲ್ಲಿದ್ದೋನಿಗೆ ಎಲ್ಲದರಲ್ಲೂ ಕೈ ಆಡ್ಸ್ಬೇಕು ಅನ್ನೋ ತುರಿಕೆ ಇದ್ದೇ ಇರತ್ತೆ. ಆ ತುರಿಕೆ ತಡ್ಕೊಳ್ಳೋಕೇ ಉಸಿರು, ಆಸನ, ಮೌನ ಎಲ್ಲ ಬೇಕಾಗಿದ್ದು.

ಇದೆಲ್ಲ ನೀವು ಪುಸ್ತಕದಲ್ಲಿ ಜೋಡಿಸ್ತಿದೀರಿ, ಆ ಕಾಲದ ಜನ ನಿಜವಾಗ್ಲೂ ಎರಡನ್ನೂ ಒಟ್ಟಿಗೆ ಇಟ್ಕೊಂಡಿದ್ರಾ ಅಂತ ಒಬ್ಬರು ಕೇಳಿದ್ರು. ಅದಕ್ಕೆ ಮಾವಾಂಗ್‌ದುಯಿ ಇದೆ. ಚಾಂಗ್‌ಶಾ ಊರಿನ ಹತ್ರ 1973ರ ಕೊನೇಲಿ ಅಗೆದ ಮೂರನೇ ಗೋರಿ, ಅದನ್ನ ಮುಚ್ಚಿದ್ದು ಕ್ರಿ.ಪೂ. 168ರಲ್ಲಿ, ಅಲ್ಲಿನ ಮಂತ್ರಿ ಮನೆತನದ ಒಬ್ಬ ಯುವಕನದ್ದು. ಅವನ ಜೊತೆ ಒಂದು ಅರಗಿನ ಪೆಟ್ಟಿಗೆ ಇಟ್ಟಿದ್ರು, ಅದರೊಳಗೆ ರೇಷ್ಮೆ ಬಟ್ಟೆ ಮೇಲೆ ಬರೆದ ಪುಸ್ತಕಗಳು. ಲಾವೋತ್ಸುವಿನ ಎರಡು ಪ್ರತಿ ಸಿಕ್ತು. ಒಂದು ಪ್ರತಿಯ ಮುಂದೆ, ಅದೇ ರೇಷ್ಮೆ ಮೇಲೆ, ಅಲ್ಲೀವರೆಗೆ ಯಾರೂ ನೋಡಿರದ ನಾಲ್ಕು ಬರಹ ಇತ್ತು, ಕಾನೂನು, ರಾಜನ ಕರ್ತವ್ಯ, ಯಾವಾಗ ಯುದ್ಧ ಮಾಡ್ಬೇಕು ಯಾವಾಗ ಬಿಡ್ಬೇಕು ಇಂಥದ್ದೆಲ್ಲ, ಒಂದರಲ್ಲಂತೂ ಪುರಾಣಕಾಲದ ಹಳದಿ ಚಕ್ರವರ್ತಿ ಹುವಾಂಗ್‌ದಿ ತನ್ನ ಮಂತ್ರಿಗಳ ಜೊತೆ ಮಾತಾಡ್ತಾನೆ. ಅದೇ ಗೋರಿಯಲ್ಲಿ ಇನ್ನೊಂದು ರೇಷ್ಮೆ ತುಂಡಿನ ಮೇಲೆ ಬಣ್ಣದಲ್ಲಿ ಬರೆದ 44 ಮನುಷ್ಯರ ಚಿತ್ರ, ಗಂಡಸರು ಹೆಂಗಸರು ಇಬ್ರೂ, ಒಬ್ಬ ಕೈ ಚಾಚಿದಾನೆ, ಒಬ್ಬ ಬಗ್ಗಿದಾನೆ, ಇನ್ನೊಬ್ಬ ಕೋಲು ಹಿಡಿದು ಮೈ ತಿರುಗಿಸ್ತಿದಾನೆ. ವ್ಯಾಯಾಮದ ಚಾರ್ಟು! ಅದೇ ತುಂಡಿನ ಮೇಲೆ ಧಾನ್ಯ ಬಿಟ್ಟು ಉಸಿರು ಸೇವಿಸೋದು ಹೇಗೆ ಅನ್ನೋ ಸೂಚನೆ ಕೂಡ. ಮಂತ್ರಿ ಮಗನ ಪುಸ್ತಕದ ಪೆಟ್ಟಿಗೆಯಲ್ಲಿ ಆಡಳಿತ, ಲಾವೋತ್ಸು, ಉಸಿರಾಟ, ಅಂಗಸಾಧನೆ ಎಲ್ಲ ಅಕ್ಕಪಕ್ಕ ಮಡಚಿಟ್ಟಿದ್ರು. ಇದಕ್ಕಿಂತ ಸಾಕ್ಷಿ ನಾನು ಎಲ್ಲಿಂದ ತರ್ಲಿ.

ಈಗ ಜುವಾಂಗ್‌ಜಿ ಕಡೆ ಬರೋಣ, ಇಲ್ಲಿ ಗಾಳಿ ಸ್ವಲ್ಪ ಬದಲಾಗತ್ತೆ. ಗುವಾನ್‌ಜಿಯಲ್ಲಿ ಸಾಧನೆ ಮಾಡಿದ್ರೆ ಲೋಕ ಸರಿಯಾಗತ್ತೆ ಅನ್ನೋ ಭರವಸೆ ಇದೆ. ಜುವಾಂಗ್‌ಜಿಗೆ ಆ ಭರವಸೆ ಮೇಲೇ ಅನುಮಾನ, ಲೋಕ ಆಳೋ ಆಸೆಯಿಂದ ಸಾಧನೆಗೆ ಕೂತ್ರೆ ಕೂತಿರೋದೇ ಆಸೆ ಅಲ್ವಾ ಅಂತ. 11ನೇ ಅಧ್ಯಾಯದಲ್ಲಿ ಹಳದಿ ಚಕ್ರವರ್ತಿ 19 ವರ್ಷ ಆಳಿದ ಮೇಲೆ ಬೆಟ್ಟದ ಮೇಲಿರೋ ಗುವಾಂಗ್‌ಚೆಂಗ್ ಅನ್ನೋ ಗುರು ಹತ್ರ ಹೋಗ್ತಾನೆ. ನಿಮ್ಮ ವಿದ್ಯೆ ಹೇಳಿಕೊಡಿ, ಬೆಳೆ ಚೆನ್ನಾಗಿ ಬರೋ ಹಾಗೆ ಮಾಡ್ಬೇಕು, ಜನರನ್ನ ಸಾಕ್ಬೇಕು ಅಂತಾನೆ. ಒಳ್ಳೇ ಮಾತೇ ತಾನೇ? ಗುರು ಬೈತಾನೆ. ನೀನು ಆಳಕ್ಕೆ ಶುರು ಮಾಡಿದ ಮೇಲೆ ಮೋಡ ಕೂಡೋ ಮುಂಚೆ ಮಳೆ ಬೀಳ್ತಿದೆ, ಎಲೆ ಹಳದಿ ಆಗೋ ಮುಂಚೆ ಉದುರ್ತಿದೆ, ನಿನ್ನಂಥವನಿಗೆ ಏನು ಹೇಳ್ಲಿ ಅಂತ. ಚಕ್ರವರ್ತಿ ವಾಪಸ್ ಬಂದು ರಾಜ್ಯ ಬಿಟ್ಟು, ಒಂದು ಗುಡಿಸಲು ಕಟ್ಕೊಂಡು, ಹುಲ್ಲು ಚಾಪೆ ಹಾಸ್ಕೊಂಡು ಮೂರು ತಿಂಗಳು ಸುಮ್ನಿರ್ತಾನೆ. ಮತ್ತೆ ಹೋಗ್ತಾನೆ. ಗುರು ಮಲಗಿದಾನೆ. ಚಕ್ರವರ್ತಿ ಮಂಡಿ ಮೇಲೆ ತೆವಳ್ಕೊಂಡು ಬಂದು, ಮೈಯನ್ನ ಹೇಗೆ ನೋಡ್ಕೊಂಡ್ರೆ ಬಹಳ ಕಾಲ ಬಾಳ್ಬಹುದು ಅಂತ ಕೇಳ್ತಾನೆ. ಗುರು ಧಡಕ್ಕನೆ ಎದ್ದು ಕೂತು, ಒಳ್ಳೇ ಪ್ರಶ್ನೆ ಕೇಳ್ದೆ ಬಾ ಅಂತಾನೆ. ಲೋಕೋದ್ಧಾರದ ಪ್ರಶ್ನೆಗೆ ಬೈಗುಳ, ಮೈಯ ಪ್ರಶ್ನೆಗೆ ಸ್ವಾಗತ. ಓದಿದೋರಿಗೆ ಇದು ಸ್ವಾರ್ಥ ಅಂತ ಕಾಣ್ಬಹುದು, ಸಭೆಯಲ್ಲೂ ಆ ಮಾತು ಬಂತು.

ಸ್ವಾರ್ಥ ಅಲ್ಲ ಅಂತ ನನಗೆ ಒಪ್ಪಿಸಿದ್ದು 28ನೇ ಅಧ್ಯಾಯದ ಸೋವ್ ರಾಜಕುಮಾರನ ಕಥೆ. ಯುಯೆ ರಾಜ್ಯದ ಜನ ಸಾಲಾಗಿ ಮೂರು ತಲೆಮಾರು ತಮ್ಮ ರಾಜರನ್ನ ಕೊಂದಿದ್ರು. ಮುಂದಿನ ಪಾಳಿ ಈ ರಾಜಕುಮಾರಂದು. ಅವನು ಓಡಿಹೋಗಿ ಒಂದು ಗುಹೆಯೊಳಗೆ ಬಚ್ಚಿಟ್ಕೊಂಡ. ರಾಜನಿಲ್ದೇ ರಾಜ್ಯದ ಜನ ಹುಡುಕ್ಕೊಂಡು ಬಂದ್ರು, ಕರೆದ್ರೆ ಬರ್ಲಿಲ್ಲ, ಗುಹೆ ಬಾಯಲ್ಲಿ ಸೊಪ್ಪಿಗೆ ಬೆಂಕಿ ಹಾಕಿ ಹೊಗೆ ಎಬ್ಬಿಸಿ ಹೊರಗೆ ಎಳೆದು ರಾಜನ ರಥ ಹತ್ತಿಸಿದ್ರು. ಅವನು ರಥದ ಹಗ್ಗ ಹಿಡ್ಕೊಂಡು ಹತ್ತುತ್ತಾ ಆಕಾಶ ನೋಡಿ, ರಾಜ ಆಗೋದಾ, ರಾಜ ಆಗೋದಾ, ನನ್ನೊಬ್ಬನ್ನ ಬಿಡಕ್ಕಾಗ್ಲಿಲ್ವಾ ಅಂತ ಕೂಗ್ದ. ಕಥೆ ಮುಗಿಸ್ತಾ ಬರೆದೋನು ಹೇಳ್ತಾನೆ, ಇವನಿಗೆ ರಾಜ ಆಗೋದರ ಮೇಲೆ ದ್ವೇಷ ಇರ್ಲಿಲ್ಲ, ಅದರ ಜೊತೆ ಬರೋ ಕೇಡಿನ ಮೇಲಿತ್ತು, ರಾಜ್ಯಕ್ಕೋಸ್ಕರ ತನ್ನ ಜೀವಕ್ಕೆ ಗಾಯ ಮಾಡ್ಕೊಳ್ಳಲ್ಲ ಅನ್ನೋ ಇಂಥವನೇ ಬೇಕು ಅಂತಾನೇ ಯುಯೆ ಜನ ಅವನ ಬೆನ್ನು ಬಿದ್ದಿದ್ದು. ಲಾವೋತ್ಸುವಿನ 13ನೇ ಅಧ್ಯಾಯದ ಮಾತೂ ಇದೇ, ಲೋಕದಷ್ಟೇ ತನ್ನ ಮೈಯನ್ನ ಬೆಲೆಯುಳ್ಳದ್ದು ಅಂತ ನೋಡೋನಿಗೆ ಲೋಕ ಒಪ್ಪಿಸ್ಬಹುದು ಅಂತ. ಮೊದಲು ಓದಿದಾಗ ತಿರುವುಮುರುವು ಅನ್ಸತ್ತೆ. ಆದ್ರೆ ಯೋಚನೆ ಮಾಡಿ, ತನ್ನ ಒಂದು ಜೀವ ಎಷ್ಟು ನಾಜೂಕು ಅಂತ ಗೊತ್ತಿರೋನಿಗೆ ಬೇರೆಯವರ ಮೈ ಮೇಲೆ ಕೈ ಹಾಕಕ್ಕೆ ಕೈ ನಡುಗತ್ತೆ. ಕೀರ್ತಿಗೋಸ್ಕರ ತನ್ನನ್ನೇ ಸುಟ್ಕೊಳ್ಳೋಕೆ ರೆಡಿ ಇರೋನು ನಮ್ಮನ್ನ ಸುಡಕ್ಕೆ ಎರಡು ಸಲ ಯೋಚನೆ ಮಾಡಲ್ಲ. ಅಧಿಕಾರ ಬೇಕು ಬೇಕು ಅಂತ ಬರೋನಿಗಿಂತ ಹೊಗೆ ಹಾಕಿ ಎಳೆದು ತರ್ಬೇಕಾದೋನು ವಾಸಿ ಅಂತ ಎರಡು ಸಾವಿರ ವರ್ಷದ ಹಿಂದೆ ಒಬ್ಬರು ಕೂತು ಯೋಚನೆ ಮಾಡಿದಾರಲ್ಲ, ನನಗೆ ಅದು ಬಹಳ ದೊಡ್ಡದು ಅನ್ಸತ್ತೆ.

ಇನ್ನು ಅಪಾಯದ ಭಾಗ. ಹಾನ್ ಫೇ ಅಂತ ಒಬ್ಬ ಚಿಂತಕ, ಕಾನೂನು, ಶಿಕ್ಷೆಯಿಂದಲೇ ಆಳ್ಬೇಕು ಅಂದೋನು, ಕ್ರಿ.ಪೂ. 233ರಲ್ಲಿ ಚಿನ್ ರಾಜ್ಯದ ಸೆರೆಯಲ್ಲಿ ಸತ್ತೋನು. ಅವನ ಹೆಸರಿನ ಪುಸ್ತಕದಲ್ಲಿ ಲಾವೋತ್ಸು ಮೇಲೆ ಎರಡು ಅಧ್ಯಾಯ ವ್ಯಾಖ್ಯಾನ ಇದೆ, ಅಂದ್ರೆ ಚೆನ್ನಾಗಿ ಓದ್ಕೊಂಡಿದ್ದ ಮನುಷ್ಯ. ರಾಜ ಖಾಲಿಯಾಗಿರ್ಬೇಕು, ಸ್ತಬ್ಧವಾಗಿರ್ಬೇಕು, ಏನೂ ಮಾಡ್ಬಾರ್ದು ಅಂತ ಅವನೂ ಹೇಳ್ತಾನೆ, ಪದ ಎಲ್ಲ ಅವೇ. ಆದ್ರೆ ಯಾಕೆ ಅಂತ ಕೇಳಿ. ರಾಜ ತನ್ನ ಆಸೆ ತೋರಿಸ್ಬಾರ್ದು, ತೋರಿಸಿದ್ರೆ ಮಂತ್ರಿಗಳು ಅದಕ್ಕೆ ತಕ್ಕ ಹಾಗೆ ತಮ್ಮನ್ನ ಕೆತ್ಕೊಂಡು ಬರ್ತಾರೆ. ಮುಖದಲ್ಲಿ ಏನೂ ಕಾಣದಂಗಿದ್ರೆ ಕೆಳಗಿನೋರು ತಮ್ಮ ನಿಜ ಬಣ್ಣ ತೋರಿಸ್ತಾರೆ. ಒಳ್ಳೇ ರಾಜ ಮೇಲೆ ಏನೂ ಮಾಡದೇ ಕೂತಿರ್ತಾನೆ, ಕೆಳಗೆ ಮಂತ್ರಿಗಳು ನಡುಗ್ತಿರ್ತಾರೆ. ಕೆಲಸ ಚೆನ್ನಾಗಾದ್ರೆ ಹೆಸರು ರಾಜನಿಗೆ, ಕೆಟ್ರೆ ತಪ್ಪು ಮಂತ್ರಿ ತಲೆಗೆ. ಓದ್ತಾ ಓದ್ತಾ ಮೈ ಜುಮ್ ಅನ್ನತ್ತೆ. ನೇಯೆಯಲ್ಲಿ ಆಸೆ ಹೋಗ್ಬೇಕಿತ್ತು, ಇಲ್ಲಿ ಆಸೆ ಬಚ್ಚಿಟ್ಕೋಬೇಕು. ಅಲ್ಲಿ ಮನಸ್ಸು ಖಾಲಿಯಾದಾಗ ರಾಜನಿಗೆ ಹೊರಗಿನ ಸದ್ದು ಕೇಳಕ್ಕೆ ಶುರುವಾಗ್ತಿತ್ತು, ಇಲ್ಲಿ ರಾಜನೇ ಯಾರಿಗೂ ಕೇಳದ ಗೋಡೆ ಆಗ್ತಾನೆ. ಹೊರಗಿಂದ ನೋಡೋನಿಗೆ ಇಬ್ಬರೂ ಒಂದೇ ತರ ಕಾಣ್ತಾರೆ, ಸುಮ್ನೆ ಕೂತಿರೋ ಶಾಂತ ಮುಖ. ಒಳಸಾಧನೆ ಮಾಡ್ತಾನೆ ಅನ್ನೋ ಒಂದೇ ಕಾರಣಕ್ಕೆ ಆಳೋನನ್ನ ನಂಬ್ಬಾರ್ದು ಅನ್ನೋದಕ್ಕೆ ಹಾನ್ ಫೇ ಸಾಕು.

ಇದು ಹಾನ್ ಫೇ ಒಬ್ಬನ ತಪ್ಪಾ, ಬೀಜ ಲಾವೋತ್ಸುವಿನಲ್ಲೇ ಇಲ್ವಾ ಅಂತ ಒಬ್ಬ ಹುಡುಗಿ ಕೇಳಿದ್ಲು, ಬಹಳ ಸರಿಯಾದ ಪ್ರಶ್ನೆ. ಇದೆ. 3ನೇ ಅಧ್ಯಾಯ, ಸಂತ ಆಳೋ ರೀತಿ ಅಂದ್ರೆ ಜನರ ಮನಸ್ಸು ಖಾಲಿ ಮಾಡಿ ಹೊಟ್ಟೆ ತುಂಬೋದು, ಹಟ ಸಡಿಲಿಸಿ ಎಲುಬು ಗಟ್ಟಿ ಮಾಡೋದು, ಜನರನ್ನ ಯಾವಾಗ್ಲೂ ತಿಳುವಳಿಕೆ, ಆಸೆ ಎರಡೂ ಇಲ್ದಂಗೆ ಇಡೋದು ಅಂತ. 65ರಲ್ಲೂ ಇಂಥದೇ ಮಾತಿದೆ. ಇದನ್ನ ಏನೇನೋ ಹೇಳಿ ತೇಪೆ ಹಾಕೋರಿದಾರೆ, ನಾನು ಹಾಕಲ್ಲ. ಓದು, ಪ್ರಶ್ನೆ ಇಲ್ಲದ ಜನ ಬೇಕು ಅನ್ನೋದು ಯಾವ ಗ್ರಂಥದಲ್ಲಿದ್ರೂ ತಪ್ಪೇ. ಎರಡು ಮಾತು ಮಾತ್ರ ಸೇರಿಸ್ತೀನಿ. ಅದೇ 3ನೇ ಅಧ್ಯಾಯ ಶುರುವಾಗೋದು ಮೇಲಿನೋರ ಮೇಲಿನ ಕಟ್ಟುಪಾಡಿಂದ, ಅಪರೂಪದ ಸಾಮಾನಿಗೆ ಬೆಲೆ ಏರಿಸ್ಬೇಡ, ಆಸೆ ಹುಟ್ಟಿಸೋದನ್ನ ಪ್ರದರ್ಶನಕ್ಕಿಡ್ಬೇಡ ಅಂತ. ಇನ್ನೊಂದು, 1993ರಲ್ಲಿ ಹುಬೇ ಪ್ರಾಂತ್ಯದ ಗುವೊದಿಯೆನ್‌ನಲ್ಲಿ ಬಿದಿರು ಪಟ್ಟಿಗಳ ಮೇಲೆ ಬರೆದ ಲಾವೋತ್ಸು ಸಿಕ್ತು, ಗೋರಿ ಸುಮಾರು ಕ್ರಿ.ಪೂ. 300ರದ್ದು, ಈಗ ಸಿಕ್ಕಿರೋದರಲ್ಲಿ ಅದೇ ಹಳೇದು. ಅದರಲ್ಲಿ ಪುಸ್ತಕ ಪೂರ್ತಿ ಇಲ್ಲ, ಇರೋದರಲ್ಲಿ 3 ಮತ್ತೆ 65 ಇಲ್ಲ, ಆದ್ರೆ 13 ಇದೆ, ಮೈಯಿಂದ ಮನೆ, ಮನೆಯಿಂದ ಊರು, ಊರಿಂದ ರಾಜ್ಯ ಅಂತ ಸಾಧನೆ ಹಬ್ಬಿಸೋ 54 ಇದೆ, ನಾನು ಸುಮ್ನಿದ್ರೆ ಜನ ತಾವಾಗೇ ಸರಿಯಾಗ್ತಾರೆ ಅನ್ನೋ 57 ಇದೆ. ಇದರಿಂದ ದೊಡ್ಡ ತೀರ್ಮಾನ ಮಾಡಕ್ಕಾಗಲ್ಲ, ಬರೆದೋನು ತನಗೆ ಬೇಕಾದ್ದನ್ನ ಆರಿಸ್ಕೊಂಡಿರಬಹುದು. ಹಾಗೆ ಆರಿಸ್ಕೊಂಡಿದ್ರೆ ಆ ಆಯ್ಕೆ ನನಗೆ ಇಷ್ಟ.

ಇದನ್ನ ಯಾರಾದ್ರೂ ಮಾಡಿ ತೋರಿಸಿದ್ರಾ? ಆ ಏಳು ರಾಜ್ಯ ಹೋಗಿ ಚೀನಾ ಒಂದೇ ಸಾಮ್ರಾಜ್ಯ ಆದ ಮೇಲೆ, ಕ್ರಿ.ಪೂ. 202ರಿಂದ ಆಳಿದ ಹಾನ್ ವಂಶದ ಮೊದಲ ಅರವತ್ತೆಪ್ಪತ್ತು ವರ್ಷ ಇದರ ದೊಡ್ಡ ಪ್ರಯೋಗ, ಆಗ ಇದಕ್ಕೆ ಹುವಾಂಗ್-ಲಾವೋ ಅನ್ನೋ ಹೆಸರಿತ್ತು, ಹಳದಿ ಚಕ್ರವರ್ತಿ ಮತ್ತೆ ಲಾವೋತ್ಸು ಇಬ್ಬರ ಹೆಸರೂ ಸೇರಿಸಿ. ತ್ಸಾವೊ ಶೆನ್ ಅಂತ ಒಬ್ಬ ಸೇನಾನಿ, ಮೈಮೇಲೆ 70 ಗಾಯ ಇದ್ದೋನು, ಯುದ್ಧ ಮುಗಿದ ಮೇಲೆ ಚೀ ಪ್ರದೇಶದ ಮುಖ್ಯಮಂತ್ರಿ ಆದ. ಆಡಳಿತ ಹೇಗೆ ಮಾಡೋದು ಅಂತ ವಿದ್ವಾಂಸರನ್ನ ಕರೆಸಿ ಕೇಳಿದ್ರೆ ನೂರು ಜನ ನೂರು ಹೇಳಿದ್ರು. ಗಾಯ್ ಗೊಂಗ್ ಅನ್ನೋ ಹುವಾಂಗ್-ಲಾವೋ ಗುರು ಮಾತ್ರ, ನೀನು ಶಾಂತವಾಗಿರು, ಜನ ತಾವೇ ನೆಲೆ ನಿಲ್ತಾರೆ ಅಂದ. ತ್ಸಾವೊ ತನ್ನ ಮನೆಯ ಮುಖ್ಯ ಹಾಲನ್ನೇ ಗುರುವಿಗೆ ಬಿಟ್ಕೊಟ್ಟು ಒಂಬತ್ತು ವರ್ಷ ಆಳ್ದ. ಕ್ರಿ.ಪೂ. 193ರಲ್ಲಿ ಇಡೀ ಸಾಮ್ರಾಜ್ಯದ ಪ್ರಧಾನಿಯಾಗಿ ರಾಜಧಾನಿಗೆ ಹೋಗೋವಾಗ, ಮುಂದೆ ಬರೋನಿಗೆ ಹೇಳಿದ್ದು ಒಂದೇ, ಇಲ್ಲಿನ ಸೆರೆಮನೆಗಳನ್ನ, ಸಂತೆಗಳನ್ನ ಕೆದಕ್ಬೇಡ, ಅಲ್ಲಿ ಒಳ್ಳೇದು ಕೆಟ್ಟದ್ದು ಎರಡಕ್ಕೂ ಜಾಗ ಇದೆ, ಕಲಕಿದ್ರೆ ಕೆಟ್ಟೋರು ಎಲ್ಲಿಗೆ ಹೋಗ್ತಾರೆ ಅಂತ.

ರಾಜಧಾನಿಯಲ್ಲಿ ಅವನು ಹಳೇ ಪ್ರಧಾನಿ ಶಿಯಾವೊ ಹೆ ಮಾಡಿಟ್ಟ ಕಾನೂನಿನ ಒಂದಕ್ಷರಾನೂ ಮುಟ್ಲಿಲ್ಲ. ಮಾತು ಕಮ್ಮಿ ಇರೋ ಹಿರಿಯರನ್ನ ಕೆಲಸಕ್ಕೆ ಇಟ್ಕೊಂಡ, ಕಾನೂನಿನ ಅಕ್ಷರ ಹಿಡ್ಕೊಂಡು ಹೆಸರು ಮಾಡಕ್ಕೆ ಹೊರಟೋರನ್ನ ಓಡಿಸ್ದ, ಮಿಕ್ಕ ಹೊತ್ತು ಕುಡೀತಾ ಕೂತ. ಸಲಹೆ ಕೊಡಕ್ಕೆ ಬಂದೋರಿಗೆ ಮಾತಾಡಕ್ಕೆ ಬಿಡ್ದೇ ಕುಡಿಸಿ ಕಳಿಸ್ತಿದ್ದ. ಅವನ ಹಿತ್ತಲ ತೋಟದ ಪಕ್ಕ ಗುಮಾಸ್ತರ ವಸತಿ, ಅಲ್ಲಿ ದಿನಾ ಕುಡಿದು ಹಾಡಿ ಗಲಾಟೆ. ಕಚೇರಿಯವನೊಬ್ಬ, ಸಾಹೇಬ್ರು ಕಿವಿಯಾರೆ ಕೇಳಿ ಶಿಕ್ಷೆ ಕೊಡ್ಲಿ ಅಂತ ತೋಟಕ್ಕೆ ವಾಕಿಂಗ್ ಕರ್ಕೊಂಡು ಬಂದ, ತ್ಸಾವೊ ಅಲ್ಲೇ ಮದ್ಯ ತರಿಸ್ಕೊಂಡು ಕೂತು ಅವರ ಹಾಡಿಗೆ ದನಿ ಸೇರಿಸ್ದ. ಎಳೇ ವಯಸ್ಸಿನ ಹ್ವೇ ಚಕ್ರವರ್ತಿಗೆ ತಳಮಳ ಆಯ್ತು, ನನ್ನನ್ನ ಲೆಕ್ಕಕ್ಕಿಟ್ಟಿಲ್ವಾ ಅಂತ. ತ್ಸಾವೊ ಮಗನ ಕೈಲಿ ಕೇಳಿಸ್ದ, ತ್ಸಾವೊ ಮಗನಿಗೆ 200 ಏಟು ಹೊಡೆದ (ಶಾಂತಿಯ ಪಾಠ ಮನೆಯೊಳಗೆ ಬರ್ಲಿಲ್ಲ ಅನ್ನೋದು ನನಗೆ ಈ ಕಥೆಯಲ್ಲಿ ಯಾವಾಗ್ಲೂ ಚುಚ್ಚೋ ಜಾಗ). ಕೊನೆಗೆ ಚಕ್ರವರ್ತಿಯೇ ಕೇಳಿದಾಗ ಟೋಪಿ ತೆಗೆದು, ಈ ವಂಶ ಕಟ್ಟಿದ ನಿಮ್ಮಪ್ಪ ದೊಡ್ಡೋರಾ ನೀವಾ ಅಂದ. ಅಪ್ಪನ ಜೊತೆ ನನ್ನ ಹೋಲಿಕೆನಾ ಅಂದ ಹುಡುಗ. ಶಿಯಾವೊ ಹೆ ದೊಡ್ಡೋನಾ ನಾನಾ? ನೀವು ಸ್ವಲ್ಪ ಕಮ್ಮಿ ಅನ್ಸತ್ತೆ. ಸರಿ ಹಾಗಾದ್ರೆ, ಅವರಿಬ್ಬರು ಸರಿಯಾಗಿ ಮಾಡಿಟ್ಟಿದ್ದನ್ನ ಕೆಡಿಸ್ದಂಗೆ ಕಾಯ್ಕೊಂಡಿದ್ರೆ ಸಾಲ್ದಾ? ಅಧಿಕಾರದಲ್ಲಿ ಇರೋನೊಬ್ಬ ನಾನು ನನ್ನ ಹಿಂದಿನೋನಿಗಿಂತ ಕಮ್ಮಿ ಅಂತ ಬಾಯ್ಬಿಟ್ಟು ಒಪ್ಕೊಂಡು ಅದರ ಮೇಲೇ ಆಡಳಿತ ನಡೆಸಿದ್ದು ನಾನು ಬೇರೆ ಕಡೆ ಹೆಚ್ಚು ಓದಿಲ್ಲ. ಜನ ಅವನ ಮೇಲೆ ಹಾಡು ಕಟ್ಟಿದ್ರು.

ಆಮೇಲೆ ಬಂದ ವೆನ್ ಚಕ್ರವರ್ತಿ (ಕ್ರಿ.ಪೂ. 180ರಿಂದ 157) ಬಗ್ಗೆ ಒಂದೇ ಘಟನೆ ಹೇಳ್ತೀನಿ. ಅರಮನೆಯಲ್ಲಿ ಒಂದು ಎತ್ತರದ ಜಗುಲಿ ಕಟ್ಟಿಸ್ಬೇಕು ಅನ್ಕೊಂಡ, ಕುಶಲಕರ್ಮಿಗಳನ್ನ ಕರೆಸಿ ಲೆಕ್ಕ ಹಾಕಿಸ್ದ, ನೂರು ಚಿನ್ನ ಆಗತ್ತೆ ಅಂದ್ರು. ನೂರು ಚಿನ್ನ ಅಂದ್ರೆ ಹತ್ತು ಮಧ್ಯಮ ವರ್ಗದ ಮನೆಗಳ ಆಸ್ತಿ, ನನಗೆ ಜಗುಲಿ ಯಾಕೆ ಅಂತ ಬಿಟ್ಬಿಟ್ಟ. ಕ್ರಿ.ಪೂ. 167ರಲ್ಲಿ ಅಂಗ ಕತ್ತರಿಸೋ ಶಿಕ್ಷೆಗಳನ್ನ ತೆಗೆಸ್ದ, ಭೂಮಿ ತೆರಿಗೇನೂ ಬಿಟ್ಟ. ಅವನ ಹೆಂಡತಿ ದೋವ್ ಮುಂದೆ ರಾಜಮಾತೆಯಾದಾಗ ಮಗ, ಮನೆಯವರು ಎಲ್ಲರೂ ಲಾವೋತ್ಸು ಓದ್ಲೇಬೇಕು ಅಂತ ಹಟ ಹಿಡಿದಿದ್ಲು. ಆಸೆ ಲೆಕ್ಕ ಹಾಕೋವಾಗ ರಾಜನ ಕಣ್ಣಿಗೆ ಹತ್ತು ಮನೆ ಕಾಣಿಸ್ತಲ್ಲ, ನೇಯೆ ಹೇಳೋ ಮನಸ್ಸು, ಬಾಯಿ, ಕೆಲಸ, ಲೋಕದ ಸರಪಳಿ ಕಣ್ಣೆದುರಿಗೆ ನಡೆದಂಗೆ. ಪ್ರಯೋಗ ಪೂರ್ತಿ ಗೆಲ್ತು ಅಂತಲ್ಲ, ಕೈ ಹಾಕದೇ ಬಿಟ್ಟ ಜಾಗದಲ್ಲಿ ಪ್ರಾಂತ್ಯದ ರಾಜರು ಬೆಳೆದು ನಿಂತು, ಅವನ ಮಗನ ಕಾಲದಲ್ಲಿ, ಕ್ರಿ.ಪೂ. 154ರಲ್ಲಿ, ಏಳು ರಾಜ್ಯ ಒಟ್ಟಿಗೆ ದಂಗೆ ಎದ್ವು. ಕೈ ಹಾಕದೇ ಇರೋದು ಬಡವನ ಮೇಲೆ ಹಾಕದೇ ಇರೋದಾ, ಬಲಶಾಲಿಯನ್ನ ತಡೀದೇ ಇರೋದಾ ಅನ್ನೋದನ್ನ ಈ ಪರಂಪರೆ ಸರಿಯಾಗಿ ಬೇರೆ ಮಾಡಿ ಹೇಳ್ಲಿಲ್ಲ ಅಂತ ನನ್ನ ಅನಿಸಿಕೆ.

ಕ್ರಿ.ಪೂ. 135ರಲ್ಲಿ ರಾಜಮಾತೆ ತೀರ್ಕೊಂಡ್ಲು, ಮೊಮ್ಮಗ ವೂ ಚಕ್ರವರ್ತಿ ಕೈಗೆ ಪೂರ್ತಿ ಅಧಿಕಾರ ಬಂತು, ಗಾಳಿ ತಿರುಗ್ತು. ಅದಕ್ಕೆ ನಾಲ್ಕು ವರ್ಷ ಮುಂಚೆ ಅವನ ಬಂಧು, ಹ್ವಾಯ್‌ನಾನ್ ರಾಜ ಲಿಯು ಆನ್, 21 ಅಧ್ಯಾಯದ ದೊಡ್ಡ ಗ್ರಂಥ ಹ್ವಾಯ್‌ನಾನ್‌ಜಿಯನ್ನ ತಂದು ಕೊಟ್ಟಿದ್ದ, ಒಳಸಾಧನೆಯಿಂದ ಆಳೋದು ಹೇಗೆ ಅನ್ನೋದರ ಪೂರ್ತಿ ಪಾಠ ಅದು. ಚಕ್ರವರ್ತಿ ಪುಸ್ತಕ ಮೆಚ್ಚಿ ಎತ್ತಿಟ್ಟ. ಆಮೇಲೆ ಮಾಡಿದ್ದು ದಶಕಗಟ್ಟಲೆ ಯುದ್ಧ, ಅದಕ್ಕೆ ದುಡ್ಡು ಹೊಂಚಕ್ಕೆ ಉಪ್ಪು, ಕಬ್ಬಿಣ ಎಲ್ಲ ಸರ್ಕಾರದ ಕೈಗೆ.

ಅವನ ಆಸ್ಥಾನದಲ್ಲಿ ಜಿ ಆನ್ ಅಂತ ಹುವಾಂಗ್-ಲಾವೋ ಓದಿದ ಒಬ್ಬ ಅಧಿಕಾರಿ ಇದ್ದ, ನಾನು ಈ ವಿಷಯಕ್ಕೆ ಬಂದಿದ್ದೇ ಅವನಿಂದ. ಒಂದೂರಲ್ಲಿ ಬೆಂಕಿ ಬಿದ್ದು ಸಾವಿರಕ್ಕೂ ಹೆಚ್ಚು ಮನೆ ಸುಟ್ಟಿದೆ, ನೋಡ್ಕೊಂಡು ಬಾ ಅಂತ ಚಕ್ರವರ್ತಿ ಕಳಿಸ್ದ. ವಾಪಸ್ ಬಂದು, ಮನೆಗಳು ಒತ್ತೊತ್ತಾಗಿದ್ವು, ಒಂದರಿಂದ ಒಂದಕ್ಕೆ ಹತ್ಕೊಂಡಿದೆ, ತಲೆ ಕೆಡಿಸ್ಕೊಳ್ಳೋ ವಿಷಯ ಅಲ್ಲ, ಆದ್ರೆ ದಾರಿಯಲ್ಲಿ ಹೆನಾನ್ ಕಡೆ ಹತ್ತು ಸಾವಿರಕ್ಕೂ ಹೆಚ್ಚು ಬಡ ಮನೆಗಳು ನೆರೆ, ಬರಕ್ಕೆ ಸಿಕ್ಕಿವೆ, ಅಪ್ಪ ಮಕ್ಕಳು ಒಬ್ಬರನ್ನೊಬ್ಬರು ತಿನ್ನೋ ಸ್ಥಿತಿ, ನಿಮ್ಮ ಮುದ್ರೆ ತೋರಿಸಿ ಸರ್ಕಾರಿ ಕಣಜ ತೆಗೆಸಿ ಹಂಚಿ ಬಂದಿದೀನಿ, ಅಪ್ಪಣೆ ಇಲ್ದೇ ಮಾಡಿದ್ದಕ್ಕೆ ಶಿಕ್ಷೆ ಕೊಡಿ ಅಂದ. ಇವನೇ ದೋಂಗ್‌ಹಾಯ್ ಪ್ರಾಂತ್ಯದಲ್ಲಿ ಕಾಯಿಲೆ ಬಿದ್ದು ಕೋಣೆ ಬಿಟ್ಟು ಹೊರಗೆ ಬರ್ದೇ ಒಂದು ವರ್ಷ ಆಳಿ ಊರು ಸರಿ ಮಾಡ್ದೋನು. ಕೈ ಯಾವಾಗ ಕಟ್ಕೋಬೇಕು ಯಾವಾಗ ಬಿಚ್ಬೇಕು ಅನ್ನೋದು ಅವನಿಗೆ ಗೊತ್ತಿತ್ತು. ಚಕ್ರವರ್ತಿ ಕ್ಷಮಿಸ್ದ.

ಇನ್ನೊಂದು ದಿನ ತುಂಬಿದ ಸಭೆಯಲ್ಲಿ ಚಕ್ರವರ್ತಿ, ನಾನು ಹಾಗ್ಮಾಡ್ಬೇಕು ಹೀಗ್ಮಾಡ್ಬೇಕು ಅಂತ ಹಳೇ ಕಾಲದ ಪುಣ್ಯರಾಜರ ತರ ಮಾತಾಡ್ತಿದ್ದ. ಜಿ ಆನ್ ಎದ್ದು, ಪ್ರಭುಗಳು ಒಳಗೆ ಆಸೆ ತುಂಬ್ಕೊಂಡು ಹೊರಗೆ ದಯೆ ಧರ್ಮ ಹಂಚ್ತಿದೀರಿ, ಆ ರಾಜರ ಹಾಗೆ ಆಗೋದು ಹೇಗೆ ಅಂದ. ಒಳಗೆ, ಹೊರಗೆ, ಇಡೀ ಪರಂಪರೆಯ ಮಾತು ಒಂದೇ ಸಾಲಲ್ಲಿ. ಚಕ್ರವರ್ತಿ ಮುಖ ಕಪ್ಪಿಟ್ಟು ಸಭೆ ಅರ್ಧಕ್ಕೇ ಎದ್ದುಹೋದ, ಮಿಕ್ಕೋರೆಲ್ಲ ಇವತ್ತು ಇವನ ಕಥೆ ಮುಗೀತು ಅಂದ್ಕೊಂಡ್ರು, ಆದ್ರೆ ಒಳಗೆ ಹೋಗಿ ಚಕ್ರವರ್ತಿ ಹೇಳಿದ್ದು, ಈ ಜಿ ಆನ್ ಎಂಥಾ ಒರಟಪ್ಪ ಅಂತ ಅಷ್ಟೇ. ಹ್ವಾಯ್‌ನಾನ್‌ಜಿ ಬರೆಸಿದ ಲಿಯು ಆನ್ ಮುಂದೆ ದಂಗೆಗೆ ಸಂಚು ಮಾಡಿದ ಅನ್ನೋ ಆರೋಪದಲ್ಲಿ ಕ್ರಿ.ಪೂ. 122ರಲ್ಲಿ ಪ್ರಾಣ ಕಳ್ಕೊಂಡ, ಆ ಸಂಚಿನ ಹೊತ್ತಲ್ಲಿ ಅವನು ಆಸ್ಥಾನದಲ್ಲಿ ಹೆದರ್ತಿದ್ದಿದ್ದೂ ಈ ಜಿ ಆನ್ ಒಬ್ಬನಿಗೇ, ಇವನನ್ನ ಮಾತ್ರ ತಪ್ಪು ದಾರಿಗೆ ಎಳೆಯಕ್ಕಾಗಲ್ಲ ಅಂತ.

ಕಳ್ಳನಾಣ್ಯದ ಹಾವಳಿ ಜೋರಾದಾಗ ಚಕ್ರವರ್ತಿ ಜಿ ಆನ್‌ನ ಹ್ವಾಯ್‌ಯಾಂಗ್ ಪ್ರಾಂತ್ಯಕ್ಕೆ ಹೋಗು ಅಂದ. ಮೈ ಸರಿಯಿಲ್ಲ, ಇಲ್ಲೇ ಪಕ್ಕದಲ್ಲಿದ್ದು ತಪ್ಪಾದಾಗ ಹೇಳ್ತೀನಿ ಅಂತ ಅವನು ಅತ್ತ. ಚಕ್ರವರ್ತಿ ಕೇಳ್ಲಿಲ್ಲ. ಅಲ್ಲಿ ಅಧಿಕಾರಿಗಳಿಗೂ ಜನಕ್ಕೂ ಆಗ್ತಿಲ್ಲ, ನಿನ್ನ ತೂಕ ಒಂದಿದ್ರೆ ಸಾಕು, ಮಲಗಿದ್ದುಕೊಂಡೇ ಆಳು, ಬೇಗ ವಾಪಸ್ ಕರೆಸ್ಕೊಳ್ತೀನಿ ಅಂದ. ಜಿ ಆನ್ ಹೋದ, ಮೊದಲಿನ ರೀತಿಯಲ್ಲೇ ಆಳ್ದ, ಹ್ವಾಯ್‌ಯಾಂಗ್ ಆಡಳಿತ ಶುದ್ಧ ಆಯ್ತು ಅಂತ ಸೀಮಾ ಚಿಯೆನ್ ಬರೀತಾನೆ. ವಾಪಸ್ ಕರೆಸ್ಲಿಲ್ಲ, ಅಲ್ಲೇ ತೀರ್ಕೊಂಡ.